ಗಣಿತ, ಸಮಾಜಶಾಸ್ತ್ರ

ಎಸ್ಸೆಸ್ಸೆಲ್ಸಿ ವೇಳಾಪಟ್ಟಿನ ಯಾರಾದ್ರೂ ಪೂರ್ತಿ ಓದಿದ್ದೀರಾ? ಪೇಪರ್‌ನಲ್ಲಿ ಬರುತ್ತೆ, ವಾಟ್ಸಾಪ್‌ನಲ್ಲಿ ಓಡಾಡುತ್ತೆ, ಹತ್ತನೇ ಕ್ಲಾಸ್ ಮಗು ಇರೋ ಮನೇಲಿ ಫ್ರಿಡ್ಜ್ ಬಾಗಿಲಿಗೆ ಅಂಟ್ಕೊಂಡಿರುತ್ತೆ, ಆದ್ರೆ ಕಣ್ಣು ನಮಗೆ ಬೇಕಾದ ಕಡೆಗೆ ಮಾತ್ರ ಹೋಗುತ್ತೆ. ಗಣಿತದ ದಿನದ ಮುಂದೆ ಬರೀ ಗಣಿತ ಅಂತ ಬರೆದಿರಲ್ಲ. 'ಗಣಿತ, ಸಮಾಜಶಾಸ್ತ್ರ' ಅಂತಿರುತ್ತೆ. ವಿಜ್ಞಾನದ ದಿನ 'ವಿಜ್ಞಾನ, ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ'. ಹೈಸ್ಕೂಲಲ್ಲಿ ಸಮಾಜಶಾಸ್ತ್ರ ಪಾಠ ಕೇಳಿದವರು ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ರಾ? ನನ್ನ ಕ್ಲಾಸಲ್ಲಂತೂ ಇರ್ಲಿಲ್ಲ. ಆ ಕಾಮಾ ಆದ್ಮೇಲೆ ಬರೋ ವಿಷಯಗಳು ವಿಶೇಷ ಚೇತನ ಮಕ್ಕಳಿಗೆ, ಅದ್ರಲ್ಲೂ ಮುಖ್ಯವಾಗಿ ಕಣ್ಣು ಕಾಣದ ಮಕ್ಕಳಿಗೆ. ಗಣಿತ ಬೇಡ ಅಂದ್ರೆ ಸಮಾಜಶಾಸ್ತ್ರ ತಗೋಬಹುದು, ವಿಜ್ಞಾನ ಬೇಡ ಅಂದ್ರೆ ರಾಜ್ಯಶಾಸ್ತ್ರವೋ ಸಂಗೀತವೋ ತಗೋಬಹುದು.

ಇದನ್ನ ಮಾಡಿದವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ತ್ರಿಕೋನ ನೋಡೋಕಾಗದ ಮಗುವಿಗೆ ಪ್ರಮೇಯ ಬರಿ ಅಂದು ಫೇಲ್ ಮಾಡಿಸೋ ಬದ್ಲು ಬೇರೆ ದಾರಿ ಇರ್ಲಿ ಅಂತ ಮಾಡಿದ್ದು. ಅದ್ರಿಂದ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿ ಕಾಲೇಜಿಗೆ ಬಂದಿದ್ದಾರೆ, ನನ್ನ ಗೆಳತಿನೂ ಹಾಗೇ ಬಂದವಳು. ಆದ್ರೆ 'ಬೇಡ ಅಂದ್ರೆ' ಅನ್ನೋದು ನೆಲದ ಮೇಲೆ ಹೇಗೆ ನಡೆಯುತ್ತೆ ಅಂದ್ರೆ, ಮಗುವನ್ನ ಯಾರೂ ಕೇಳಲ್ಲ. ಎಂಟನೇ ಕ್ಲಾಸಿಗೆ ಸೇರಿಸೋವಾಗಲೇ ಶಾಲೆಯವರು 'ಇವ್ರಿಗೆ ಗಣಿತ ಇರಲ್ಲ ಬಿಡಿ' ಅಂದ್ಬಿಡ್ತಾರೆ, ಅಪ್ಪ ಅಮ್ಮನೂ ಸದ್ಯ ಪಾಸಾದ್ರೆ ಸಾಕು ಅಂತ ಸಹಿ ಹಾಕ್ತಾರೆ. ಅಲ್ಲಿಂದ ಗಣಿತ ಪೀರಿಯಡ್ ಬಂದಾಗ ಆ ಮಗು ಕೊನೇ ಬೆಂಚಲ್ಲಿ ಸುಮ್ನೆ ಕೂತಿರುತ್ತೆ, ಇಲ್ಲಾ ಲೈಬ್ರರಿ ಅಂತ ಒಂದು ಬೀರು ಇರೋ ರೂಮಿಗೆ ಹೋಗುತ್ತೆ. ಸಮಾಜಶಾಸ್ತ್ರ ಪಾಠ ಮಾಡೋರು ಇದ್ದಾರಾ ಅಂದ್ರೆ ಸಾಮಾನ್ಯ ಹೈಸ್ಕೂಲಲ್ಲಿ ಅದೂ ಇರಲ್ಲ, ಪುಸ್ತಕ ಕೊಟ್ಟು 'ಮನೇಲಿ ಯಾರಾದ್ರೂ ಓದಿ ಹೇಳ್ತಾರಲ್ವಾ' ಅಂತಾರೆ ಅಷ್ಟೇ.

ಇದ್ರ ಬಿಲ್ ಬರೋದು ಆಮೇಲೆ. ಹತ್ತರಲ್ಲಿ ಗಣಿತ ವಿಜ್ಞಾನ ಇಲ್ಲ ಅಂದ್ರೆ ಪಿಯುಸಿ ಸೈನ್ಸ್ ಇಲ್ಲ, ಡಿಪ್ಲೊಮಾ ಇಲ್ಲ, ಕಾಮರ್ಸ್ ತಗೊಂಡ್ರೂ ಬೇಸಿಕ್ ಮ್ಯಾಥ್ಸ್ ಕಡೆ ತಲೆ ಹಾಕೋಹಾಗಿಲ್ಲ, ಕೊನೆಗೆ ಆರ್ಟ್ಸ್. ಆರ್ಟ್ಸ್ ಕಮ್ಮಿ ಅಂತಲ್ಲ (ನಾನೂ ಬಿಎ ಓದಿದವಳೇ), ಇಷ್ಟಪಟ್ಟು ಬರೋದು ಬೇರೆ, ಉಳಿದ ಬಾಗಿಲು ಹಾಕಿದ್ದಕ್ಕೆ ಬರೋದು ಬೇರೆ. ಅದಕ್ಕಿಂತ ನನಗೆ ಸಿಟ್ಟು ಬರೋ ವಿಷಯ ಇನ್ನೊಂದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಸರ್ಕಾರಿ ಕೆಲಸದಲ್ಲಿ 4% ಮೀಸಲಾತಿ ಇದೆ, ಕಣ್ಣು ಕಾಣದವರು ನಿಜವಾಗ್ಲೂ ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋಗೋ ಜಾಗ ಅಂದ್ರೆ ಬ್ಯಾಂಕು. ಬ್ಯಾಂಕ್ ಪರೀಕ್ಷೆಯಲ್ಲಿ ಏನಿದೆ? ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್. ಶೇಕಡಾ, ಸರಾಸರಿ, ಬಡ್ಡಿ, ಹತ್ತು ಜನ ಇಷ್ಟು ದಿನದಲ್ಲಿ ಗೋಡೆ ಕಟ್ಟಿದ್ರೆ ಐದು ಜನ ಎಷ್ಟು ದಿನ ಅನ್ನೋ ಲೆಕ್ಕ. ಹೈಸ್ಕೂಲಲ್ಲಿ 'ನಿನಗೆ ಬೇಡ' ಅಂತ ಕಿತ್ಕೊಂಡಿದ್ದನ್ನೇ ಕೆಲಸದ ಬಾಗಿಲಲ್ಲಿ ನಿಂತು ಕೇಳ್ತಾರೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪೇಪರ್ ಸಿಸ್ಯಾಟ್‌ನಲ್ಲೂ ಲೆಕ್ಕ ಇದೆ, ಅದ್ರಲ್ಲಿ 33% ಬರದಿದ್ರೆ ಮೊದಲನೇ ಪೇಪರ್‌ನ ನೋಡೋದೂ ಇಲ್ಲ.

ನನ್ನ ಗೆಳತಿ ಡಿಗ್ರಿ ಮುಗಿದ್ಮೇಲೆ ಕೋಚಿಂಗ್ ಸೆಂಟರ್‌ನಲ್ಲಿ ಕೂತು ಮೊದಲನೇ ಸಲ ಶೇಕಡಾ ಲೆಕ್ಕ ಕಲಿತಳು. ಮೇಷ್ಟ್ರು ಬೋರ್ಡ್ ಮೇಲೆ 'ಇದನ್ನ ಇಲ್ಲಿಗೆ ತಗೊಂಡ್ಹೋಗಿ, ಇದನ್ನ ಕ್ಯಾನ್ಸಲ್ ಮಾಡಿ' ಅಂತಿದ್ರೆ ಇವಳು ಯಾವುದನ್ನ ಎಲ್ಲಿಗೆ ಅಂತ ಪಕ್ಕದವರನ್ನ ಕೇಳ್ಬೇಕು. ಆಮೇಲೆ ಮನಸ್ಸಲ್ಲೇ ಲೆಕ್ಕ ಮಾಡೋದು ಅಭ್ಯಾಸ ಮಾಡ್ಕೊಂಡು ಈಗ ಬ್ಯಾಂಕಲ್ಲಿದ್ದಾಳೆ, ನನ್ನ ಇಎಂಐ ಎಷ್ಟು ಅಂತ ಫೋನ್ ತೆಗೆಯೋಕೆ ಮೊದ್ಲೇ ಹೇಳ್ತಾಳೆ. ಅವಳ ಮಾತು: 'ನನ್ನ ತಲೇಲಿ ಲೆಕ್ಕ ಇತ್ತು ಕಣೇ, ಯಾರೂ ಹೊರಗೆ ತೆಗೀಲಿಲ್ಲ ಅಷ್ಟೇ.'

ಪಕ್ಕದ ಆಂಧ್ರದ ಶ್ರೀಕಾಂತ್ ಬೊಳ್ಳ ಕಥೆ ತುಂಬಾ ಜನಕ್ಕೆ ಗೊತ್ತು. ಹನ್ನೊಂದನೇ ಕ್ಲಾಸಲ್ಲಿ ಸೈನ್ಸ್ ಕೊಡಲ್ಲ ಅಂದಿದ್ದಕ್ಕೆ ಕೋರ್ಟಿಗೆ ಹೋಗಿ ಸೀಟು ತಗೊಂಡ್ರು, ಆಮೇಲೆ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಕಂಪನಿ ಕಟ್ಟಿದ್ರು. ಆ ಕಥೆನ ನಾವು ಚಪ್ಪಾಳೆ ಹೊಡೆಯೋಕೆ ಇಟ್ಕೊಂಡಿದ್ದೀವಿ. ಹದಿನಾರು ವರ್ಷದ ಹುಡುಗ ಸೈನ್ಸ್ ಓದೋಕೆ ಕೋರ್ಟಿಗೆ ಯಾಕೆ ಹೋಗ್ಬೇಕಿತ್ತು ಅನ್ನೋದು ಯಾರ ಭಾಷಣದಲ್ಲೂ ಬರಲ್ಲ.

ನನ್ನ ಗೆಳತಿಯ ಪರಿಚಯ ಆಗಿದ್ದು ನಾನು ಸ್ಕ್ರೈಬ್ ಆಗಿ ಹೋದಾಗ. ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ, ಬರೆಯೋಕಾಗದವರು ಉತ್ತರ ಹೇಳ್ತಾರೆ, ಸ್ಕ್ರೈಬ್ ಬರೀತಾರೆ. ಹೇಳಿದ್ದಷ್ಟನ್ನೇ ಬರೀಬೇಕು, ತಪ್ಪು ಅಂತ ನಮಗೆ ಗೊತ್ತಿದ್ರೂ ಬಾಯಿ ಮುಚ್ಕೊಂಡಿರ್ಬೇಕು, ಅದು ನಾವಂದುಕೊಂಡಷ್ಟು ಸುಲಭ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತೆ, ಅಂದ್ರೆ ಮೂರು ಗಂಟೆ ಪೇಪರಿಗೆ ಇನ್ನೊಂದು ಗಂಟೆ. ತಮ್ಮ ಸ್ಕ್ರೈಬ್‌ನ ತಾವೇ ಕರ್ಕೊಂಡು ಬಂದ್ರೆ ಆ ಸ್ಕ್ರೈಬ್ ಓದು ಒಂದು ಮೆಟ್ಟಿಲು ಕಮ್ಮಿ ಇರ್ಬೇಕು ಅಂತ ಅದ್ರಲ್ಲಿತ್ತು, ಕಾಪಿ ಆಗ್ಬಾರ್ದು ಅಂತ. ಪರೀಕ್ಷೆ ನಡೆಸೋರೇ ಸ್ಕ್ರೈಬ್ ಕೊಡೋದಾದ್ರೆ ಪರೀಕ್ಷೆಗೆ ಎರಡು ದಿನ ಮುಂಚೆ ಭೇಟಿ ಮಾಡಿಸಿ, ಇವ್ರು ಆಗ್ತಾರಾ ಅಂತ ನೋಡ್ಕೊಳ್ಳೋಕೆ ಅವಕಾಶ ಕೊಡ್ಬೇಕು. ಕಾಗದದ ಮೇಲೆ ಚೆನ್ನಾಗಿದೆ. ನಾನು ನೋಡಿರೋದು, ಬೆಲ್ ಹೊಡೆಯೋಕೆ ಸ್ವಲ್ಪ ಮುಂಚೆ ಯಾರೋ ಒಬ್ಬ ಹುಡುಗನ್ನ ಕ್ಲಾಸಿಂದ ಎಬ್ಬಿಸ್ಕೊಂಡು ಬಂದು ಕೂರಿಸೋದು. ಅವನಿಗೆ 'ಔದ್ಯೋಗೀಕರಣ' ಬರೆಯೋಕೆ ಬರಲ್ಲ, 'ದುರ್ಖೈಮ್' (ಒಬ್ಬ ಸಮಾಜಶಾಸ್ತ್ರಜ್ಞನ ಹೆಸರು) ಅಂದ್ರೆ ಏನಕ್ಕಾ ಅಂತ ಕೇಳ್ತಾನೆ, ಉತ್ತರ ಹೇಳೋರು ಒಂದೊಂದಕ್ಷರ ಬಿಡಿಸಿ ಹೇಳ್ತಾ ಹೇಳ್ತಾ ಆ ಹೆಚ್ಚುವರಿ ಒಂದು ಗಂಟೆ ಕಾಗುಣಿತಕ್ಕೇ ಹೋಗುತ್ತೆ.

ಆದ್ರೂ ಪರೀಕ್ಷೆ ಹಾಲ್ ವಿಷಯದಲ್ಲಿ ಕಾನೂನು ಮುಂದೆ ಬಂದಿದೆ ಅಂತ ಒಪ್ಕೋಬೇಕು. ವಿಕಾಸ್ ಕುಮಾರ್ ಅನ್ನೋ ಅಭ್ಯರ್ಥಿಗೆ ಬರೆಯೋವಾಗ ಕೈ ಸೆಳೆತ ಬರೋ ತೊಂದರೆ, ಅದು 40% ಅಂಗವೈಕಲ್ಯಕ್ಕೆ ಮುಟ್ಟಲ್ಲ ಅಂತ ಯುಪಿಎಸ್‌ಸಿ ಸ್ಕ್ರೈಬ್ ಕೊಡ್ಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 40% ಅನ್ನೋದು ಮೀಸಲಾತಿಗೆ ಇರೋ ಗೆರೆ, ಸ್ಕ್ರೈಬ್ ಕೊಡೋಕೆ ಅದನ್ನ ಅಡ್ಡ ತರಬೇಡಿ ಅಂತ ಹೇಳ್ತು, 2022ರಲ್ಲಿ ಅಂಥವರಿಗೂ ಮಾರ್ಗಸೂಚಿ ಬಂತು. ಒಳ್ಳೇದೇ ಆಯ್ತು. ನನ್ನ ತಕರಾರು ಏನಂದ್ರೆ ಇದೆಲ್ಲ ವರ್ಷದ ಕೊನೇಲಿ ಬರೋ ಮೂರು ಗಂಟೆಗೆ ಸಂಬಂಧಪಟ್ಟಿದ್ದು. ಅದಕ್ಕಿಂತ ಮುಂಚಿನ ಹತ್ತು ತಿಂಗಳು ಆ ಮಗು ಕ್ಲಾಸಲ್ಲಿ ಏನು ಮಾಡ್ತಿತ್ತು? ಕಲಿಸೋಕೆ ಖರ್ಚಾಗುತ್ತೆ, ಟೀಚರ್ ಬೇಕು, ಸಾಮಾನು ಬೇಕು, ಟೈಮ್ ಬೇಕು. ವಿನಾಯಿತಿ ಕೊಡೋಕೆ ಒಂದು ಸುತ್ತೋಲೆ ಸಾಕು. ಹಾಗಾಗಿ ನಮ್ಮಲ್ಲಿ ಸಹಾಯ ಅಂದ್ರೆ ವಿನಾಯಿತಿ ಅಂತಾಗ್ಬಿಟ್ಟಿದೆ, ಕಣ್ಣಿಲ್ವಾ ಗಣಿತ ಬಿಡು, ಕಿವಿ ಕೇಳಲ್ವಾ ಭಾಷೆ ಬಿಡು, ಓದೋಕೆ ಕಷ್ಟ ಆಗುತ್ತಾ ಅದನ್ನೂ ಬಿಡು, ನಡೆಯೋಕಾಗಲ್ವಾ ಶಾಲೆಗೇ ಬರಬೇಡ ನಾವೇ ಮನೆಗೆ ಬರ್ತೀವಿ.

ಪುಸ್ತಕದ ವಿಷಯಕ್ಕೆ ಬರ್ತೀನಿ, ಇದು ಕನ್ನಡದ್ದೇ ತಲೆನೋವು. ಈಗ ಕಣ್ಣು ಕಾಣದವರು ಫೋನು ಕಂಪ್ಯೂಟರ್ ಎಲ್ಲಾ ಸರಾಗವಾಗಿ ಬಳಸ್ತಾರೆ. ಫೋನಲ್ಲಿ ಪರದೆ ಮೇಲಿರೋದನ್ನ ಓದಿ ಹೇಳೋ ಟಾಕ್‌ಬ್ಯಾಕ್ ಇದೆ. ಕಂಪ್ಯೂಟರಿಗೆ ಅದೇ ಥರದ ಎನ್‌ವಿಡಿಎ ಇದೆ, 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಗಿದ್ದು, ಮಾಡಿದ ಹುಡುಗರಿಗೂ ಕಣ್ಣು ಕಾಣಲ್ಲ, ಪೂರ್ತಿ ಫ್ರೀ, ಕನ್ನಡನೂ ಓದುತ್ತೆ. ಆದ್ರೆ ಅದು ಓದೋದು ಯೂನಿಕೋಡ್ ಕನ್ನಡ, ಅಂದ್ರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರೋದು. ನಮ್ಮ ಆಫೀಸುಗಳಲ್ಲಿ ಪ್ರೆಸ್ಸುಗಳಲ್ಲಿ ವರ್ಷಗಟ್ಟಲೆ ಟೈಪ್ ಮಾಡಿರೋದು ನುಡಿ, ಬರಹ ಅನ್ನೋ ತಂತ್ರಾಂಶಗಳ ಹಳೇ ಫಾಂಟಲ್ಲಿ. ನೋಡೋಕೆ ಮಾತ್ರ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅಂಥ ಫೈಲಲ್ಲಿ 'ಕನ್ನಡ' ಅಂತ ಇದ್ರೆ ಕಂಪ್ಯೂಟರ್ ಓದೋದು ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್ ಅಂತ. ನೂರಿಪ್ಪತ್ತು ಪುಟದ ನೋಟ್ಸ್‌ನ ಹೀಗೆ ಕೇಳಿಸ್ಕೊಳ್ಳಿ ನೋಡೋಣ. ಇನ್ನು ಜೆರಾಕ್ಸ್ ಮಾಡಿ ಸ್ಕ್ಯಾನ್ ಮಾಡಿ ಕಳಿಸೋ ಪಿಡಿಎಫ್ ಬರೀ ಫೋಟೋ, ಅದು ಬಾಯೇ ಬಿಡಲ್ಲ. ಮೇಷ್ಟ್ರು ಪ್ರೀತಿಯಿಂದಲೇ ಕಳಿಸಿರ್ತಾರೆ, 'ನೋಟ್ಸ್ ಹಾಕಿದ್ದೀನಲ್ಲಮ್ಮ ಗ್ರೂಪಲ್ಲಿ' ಅಂತಾರೆ, ಅವ್ರಿಗೆ ಗೊತ್ತಾಗೋದೇ ಇಲ್ಲ. ಹಾಗಾಗಿ ನಮ್ಮ ಡಿಗ್ರಿ ದಿನಗಳಲ್ಲಿ ನಡೆದದ್ದೆಲ್ಲ ವಾಟ್ಸಾಪ್ ಆಡಿಯೋದಲ್ಲೇ. ನಾನು ಹಾಸ್ಟೆಲ್ ಟೆರೇಸಲ್ಲಿ ಕೂತು ಪುಸ್ತಕ ಓದಿ ರೆಕಾರ್ಡ್ ಮಾಡೋದು, ಹಿಂದೆ ಯಾರೋ ಬಟ್ಟೆ ಒಗೆಯೋ ಸದ್ದು, ಗೆಳತಿ ಅದನ್ನ ಡಬಲ್ ಸ್ಪೀಡಲ್ಲಿ ಕೇಳೋದು. ನನಗೆ ಒಂದು ಪದನೂ ಅರ್ಥ ಆಗ್ತಿರ್ಲಿಲ್ಲ ಆ ಸ್ಪೀಡಲ್ಲಿ.

ಬ್ರೈಲ್ ಬಗ್ಗೆ ಒಂದು ಮಾತು ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಅವಳು ಚಿಕ್ಕವಳಿದ್ದಾಗ ಸ್ಲೇಟು ಸ್ಟೈಲಸ್ ಇಟ್ಕೊಂಡು ಬಲದಿಂದ ಎಡಕ್ಕೆ ಚುಚ್ಚಿ ಬರೀತಿದ್ಲು, ಹಾಳೆ ತಿರುಗಿಸಿದ್ರೆ ಎಡದಿಂದ ಬಲಕ್ಕೆ ಓದ್ಬೋದು. 1951ರಿಂದ ಇರೋ ಭಾರತಿ ಬ್ರೈಲ್‌ನಲ್ಲಿ ನಮ್ಮ ಎಲ್ಲಾ ಭಾಷೆಗಳಿಗೂ ಅವೇ ಆರು ಚುಕ್ಕಿ. ಅದ್ರಲ್ಲಿ ಒತ್ತಕ್ಷರ ಕೆಳಗೆ ನೇತಾಡಲ್ಲ. ಎಲ್ಲಾ ಒಂದೇ ಸಾಲಲ್ಲಿ, ಬಾಯಲ್ಲಿ ಬರೋ ಕ್ರಮದಲ್ಲೇ ಬರುತ್ತೆ. 'ಸೂರ್ಯ' ಅಂದ್ರೆ ಸ, ಊ, ಅರ್ಧ ರ, ಯ. ನಮ್ಮ ಕಣ್ಣಿನ ಕನ್ನಡದಲ್ಲಿ ಏನಾಗುತ್ತೆ ನೋಡಿ, ಯ ಮೊದ್ಲು ಕಾಣುತ್ತೆ, ಅರ್ಕಾವತ್ತು ಅದ್ರ ಆಮೇಲೆ, ಓದೋವಾಗ ಮಾತ್ರ ರ್ ಮೊದ್ಲು ಬರ್ಬೇಕು. ನಮಗೆಲ್ಲ ಅಭ್ಯಾಸ ಆಗಿ ಇದು ವಿಚಿತ್ರ ಅಂತ ಅನ್ಸೋದೇ ಇಲ್ಲ.

ಅನ್ಸೋದು ಡಿಸ್ಲೆಕ್ಸಿಯಾ (ಅಕ್ಷರ ಓದೋದೇ ಕಷ್ಟ ಆಗೋ ತೊಂದರೆ) ಇರೋ ಮಕ್ಕಳಿಗೆ. ನನ್ನ ಅಕ್ಕನ ಮಗ ಕ್ರಿಕೆಟ್ ಸ್ಕೋರ್ ಬಾಯಲ್ಲಿ ಹೇಳ್ತಾನೆ, ಕಥೆ ಕೇಳಿದ್ರೆ ವಾಪಸ್ ಅಷ್ಟೂ ಹೇಳ್ತಾನೆ, ಪುಸ್ತಕ ಕೊಟ್ರೆ 'ಸೂರ್ಯ'ನ 'ಸೂಯ್ರ' ಅಂತಾನೆ, 'ಲಕ್ಷ್ಮೀ' ಬಂದ್ರೆ ಅಲ್ಲೇ ನಿಂತ್ಬಿಡ್ತಾನೆ. ಕ ಗೊತ್ತು, ಷ ಗೊತ್ತು, ಮ ಗೊತ್ತು, ಮೂರೂ ಒಂದರ ಮೇಲೊಂದು ಹತ್ತಿ ಕೂತು ಮೇಲೊಂದು ದೀರ್ಘ ಬಂದ್ರೆ ಅವನ ಕಣ್ಣಿಗೆ ಅದು ಜಾತ್ರೆ ಬಸ್ಸು. ಸೋಮಾರಿ ಅಂದ್ರು, ಮೊಬೈಲ್ ಜಾಸ್ತಿ ಅಂದ್ರು, ಬರೆದ್ರೆ ಬರುತ್ತೆ ಅಂತ ನೂರು ಸಲ ಇಂಪೊಸಿಷನ್ ಬರೆಸಿದ್ರು. 2016ರ ಕಾಯ್ದೆ ಅಂಗವೈಕಲ್ಯಗಳ ಪಟ್ಟಿನ 7ರಿಂದ 21ಕ್ಕೆ ಏರಿಸಿದಾಗ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆನೂ ಅದ್ರಲ್ಲಿ ಸೇರ್ತು, ಆಮೇಲೆ ಬಂದ ನಿಯಮದ ಪ್ರಕಾರ 8 ವರ್ಷ ತುಂಬಿದ್ಮೇಲೆ ಸರ್ಟಿಫಿಕೇಟ್, 14ಕ್ಕೆ ಮತ್ತೆ ಪರೀಕ್ಷೆ, 18ಕ್ಕೆ ಇನ್ನೊಂದ್ಸಲ. ಅಂದ್ರೆ ಮೂರನೇ ಕ್ಲಾಸ್ ತನಕ ಕಾಗದ ಇಲ್ಲ. ಅಲ್ಲಿ ತನಕ ಏನೂ ಮಾಡ್ಬಾರ್ದು ಅಂತ ಯಾರೂ ಹೇಳಿಲ್ಲ, ಆದ್ರೂ ಕಾಗದ ಇಲ್ದೆ ಶಾಲೆಯಲ್ಲಿ ಯಾರೂ ಏನೂ ಮಾಡಲ್ಲ. ಅಕ್ಕ ಇವನ್ನ ಕರ್ಕೊಂಡು ಆಸ್ಪತ್ರೆ ಆಸ್ಪತ್ರೆ ಸುತ್ತಿ ಕೊನೆಗೆ ಸರ್ಟಿಫಿಕೇಟ್ ಬಂತು. ಶಾಲೆಯಲ್ಲಿ ಅದನ್ನ ನೋಡಿ ಟೀಚರ್ ಹೇಳಿದ ಮೊದಲ ಮಾತು, 'ಓ, ಹಾಗಾದ್ರೆ ಇನ್ನು ಇವನಿಗೆ ಓದೋಕೆ ಒತ್ತಾಯ ಮಾಡಲ್ಲ ಬಿಡಿ ಮೇಡಂ.' ಅಕ್ಕನಿಗೆ ಬೇಕಾಗಿದ್ದು ಅದ್ರ ಉಲ್ಟಾ. ಒತ್ತಕ್ಷರನ ಬಿಡಿಸಿ ನಿಧಾನಕ್ಕೆ ಹೇಳ್ಕೊಡೋರು ಬೇಕಿತ್ತು, ಮೊದ್ಲು ಶಬ್ದ ಒಡೆದು ಬಾಯಲ್ಲಿ ಆಡಿಸಿ, ಆಮೇಲೆ ಅಕ್ಷರ ತೋರ್ಸಿ, ದಿನಾ ಸ್ವಲ್ಪ ಸ್ವಲ್ಪ. ಅದನ್ನ ಮಾಡೋರು ಗಂಟೆ ಲೆಕ್ಕದಲ್ಲಿ ಫೀಸ್ ತಗೋತಾರೆ, ಬೆಂಗಳೂರಲ್ಲಿ ಸಿಗ್ತಾರೆ, ಅದ್ರಲ್ಲೂ ಹೆಚ್ಚಿನವರು ಹೇಳ್ಕೊಡೋದು ಇಂಗ್ಲಿಷ್ ಓದೋಕೆ.

ಕಲಿಸೋ ದಾರಿನೇ ನಮ್ಮಲ್ಲಿ ಯಾರೂ ಹಿಡಿದಿಲ್ಲ ಅಂತಲ್ಲ. ಮೈಸೂರಲ್ಲಿ ಮಾನಸಗಂಗೋತ್ರಿ ಪಕ್ಕ ಆಯಿಷ್ ಇದೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿನ ಪ್ರೀಸ್ಕೂಲಿಗೆ ಹೋದ್ರೆ ಕಿವಿಗೆ ಮಿಷನ್ ಹಾಕ್ಕೊಂಡಿರೋ ಪುಟ್ಟ ಮಕ್ಕಳು, ಪಕ್ಕದಲ್ಲಿ ಅವರ ಅಮ್ಮಂದಿರು. ಮಗುವಿನ ಜೊತೆ ಅಮ್ಮನೂ ಕ್ಲಾಸಿಗೆ ಕೂರ್ಬೇಕು, ಹೇಗೆ ಮಾತಾಡಿಸ್ಬೇಕು, ಒಂದು ಬಾಳೆಹಣ್ಣು ಇಟ್ಕೊಂಡು ಎಷ್ಟು ಮಾತು ಹುಟ್ಟಿಸ್ಬೋದು ಅಂತ ಕಲೀಬೇಕು, ಮನೆಗೆ ಹೋಗಿ ಮುಂದುವರಿಸ್ಬೇಕು. ಬೇರೆ ರಾಜ್ಯದವರೂ ಬಂದು ಮೈಸೂರಲ್ಲಿ ರೂಮ್ ಮಾಡ್ಕೊಂಡು ಇರ್ತಾರೆ. ಇದು ಕೆಲಸ ಮಾಡುತ್ತೆ, ಮಕ್ಕಳು ಮಾತು ಕಲ್ತು ಮಾಮೂಲಿ ಶಾಲೆಗೆ ಹೋಗ್ತಾರೆ. ಆದ್ರೆ ಅಲ್ಲಿ ಅಪ್ಪಂದಿರು ಎಷ್ಟು ಜನ ಕಾಣ್ತಾರೆ ಅಂತ ಒಂದ್ಸಲ ನೋಡಿ. ಕೆಲಸ ಬಿಟ್ಟು, ಊರು ಬಿಟ್ಟು, ಇನ್ನೊಂದು ಮಗುನ ಅಜ್ಜಿ ಹತ್ರ ಬಿಟ್ಟು ಬಂದಿರೋರು ಅಮ್ಮಂದಿರು. ಕಲಿಸೋ ಖರ್ಚು ನಿಜವಾಗ್ಲೂ ಎಷ್ಟು ಅಂತ ನೋಡ್ಬೇಕಂದ್ರೆ ಅಲ್ಲಿ ನೋಡ್ಬೇಕು, ಯಾವ ಬಜೆಟ್ಟಲ್ಲೂ ಅದು ಬರ್ದಿಲ್ಲ.

ಸರ್ಕಾರಿ ಶಾಲೆಯಲ್ಲಿ ಈ ಕೆಲಸ ಬಿಐಇಆರ್‌ಟಿಗಳದ್ದು, ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು. ಇಡೀ ತಾಲ್ಲೂಕಿಗೆ ಬೆರಳೆಣಿಕೆ ಜನ. ಒಬ್ರೇ ಟೀಚರ್ ಕಣ್ಣು ಕಾಣದ ಮಗುಗೆ ಬ್ರೈಲ್, ಕಿವಿ ಕೇಳದ ಮಗುಗೆ ಸನ್ನೆ, ಬುದ್ಧಿಮಾಂದ್ಯ ಮಗುಗೆ ಊಟದ ಅಭ್ಯಾಸ ಎಲ್ಲಾ ಹೇಳ್ಕೊಡ್ಬೇಕು, ಮಧ್ಯೆ ವೈದ್ಯಕೀಯ ಶಿಬಿರ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್, ಆನ್‌ಲೈನ್ ಎಂಟ್ರಿ. ಗೃಹಾಧಾರಿತ ಶಿಕ್ಷಣ ಅಂತ ಹಾಸಿಗೆ ಬಿಟ್ಟು ಏಳೋಕಾಗದ ಮಕ್ಕಳ ಮನೆಗೂ ಹೋಗ್ಬೇಕು. ಸ್ಕೂಟಿಯಲ್ಲಿ ಬ್ಯಾಗ್ ತುಂಬ ಆಟದ ಸಾಮಾನು ಹಾಕ್ಕೊಂಡು ಹಳ್ಳಿ ಹಳ್ಳಿ ಸುತ್ತೋ ಒಬ್ರು ಮಿಸ್ ನನಗೆ ಗೊತ್ತು, ಕೆಲವು ಮನೆಗಳಲ್ಲಿ ಅವರು ಬರೋ ದಿನ ಮಗುಗೆ ತಲೆ ಬಾಚಿ ಪೌಡರ್ ಹಾಕಿ ಕೂರ್ಸಿರ್ತಾರಂತೆ. ಆ ಮಗುವಿಗೆ ವಾರದ ಶಾಲೆ ಅಷ್ಟೇ, ಆ ಒಂದೆರಡು ಗಂಟೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಅನುಪಾತ ನಿಗದಿ ಮಾಡಿ ಅಂತ ಹೇಳಿದ್ಮೇಲೆ, 2022ರಲ್ಲಿ ಪ್ರಾಥಮಿಕದಲ್ಲಿ 10 ಮಕ್ಕಳಿಗೊಬ್ರು, ಅದ್ರ ಮೇಲಿನ ಕ್ಲಾಸಲ್ಲಿ 15 ಮಕ್ಕಳಿಗೊಬ್ರು ಅಂತ ಆಯ್ತು. ಆ ಮಿಸ್‌ಗೆ ಇದನ್ನ ಹೇಳಿದಾಗ ನಕ್ಕರು ಅಷ್ಟೇ.

ಸಂಗೀತದ ಬಗ್ಗೆ ಮಾತಾಡಿದ್ರೆ ಕೆಲವರಿಗೆ ಬೇಜಾರಾಗ್ಬೋದು. ಗದಗದ ವೀರೇಶ್ವರ ಪುಣ್ಯಾಶ್ರಮ ಮಾಡಿರೋ ಕೆಲಸಕ್ಕೆ ಕೈ ಮುಗೀಬೇಕು. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ರಿಗೂ ಕಣ್ಣು ಕಾಣ್ತಿರ್ಲಿಲ್ಲ, ಶಾಲೆಗಳು ಬೇಡ ಅಂದ ಅದೆಷ್ಟೋ ಬಡ ಮಕ್ಕಳಿಗೆ ಊಟ ಹಾಕಿ, ವಿದ್ಯೆ ಕೊಟ್ಟು, ಅನ್ನದ ದಾರಿ ತೋರ್ಸಿದ್ರು. ಅಲ್ಲಿ ನಡೆದದ್ದು ಪಾಠ, ಕಟ್ಟುನಿಟ್ಟಿನ ಪಾಠ, ಬೆಳಗ್ಗೆ ಎದ್ದು ಸಾಧನೆ. ಯಾರಿಗೂ ಯಾವ ಸ್ವರಕ್ಕೂ ವಿನಾಯಿತಿ ಇರ್ಲಿಲ್ಲ. ನಾವು ಅದ್ರಿಂದ ಕಲ್ತಿದ್ದೇನು ಅಂದ್ರೆ 'ಕಣ್ಣಿಲ್ದೋರಿಗೆ ಸಂಗೀತ ಚೆನ್ನಾಗಿ ಬರುತ್ತೆ' ಅಂತ. ನನ್ನ ಗೆಳತಿಗೆ ಶ್ರುತಿನೇ ಇಲ್ಲ. ಹಾಡು ಅಂತ ಎಷ್ಟು ಜನ ಪೀಡಿಸಿದ್ರೋ, ಈಗ್ಲೂ ಬ್ಯಾಂಕಲ್ಲಿ ರಾಜ್ಯೋತ್ಸವ ಬಂದ್ರೆ ಮೊದ್ಲು ಇವಳ ಕಡೆನೇ ತಿರುಗ್ತಾರಂತೆ.

ಗಣಿತ ಕಣ್ಣಿಲ್ದೆ ಕಲಿಯೋಕಾಗಲ್ಲ ಅನ್ನೋದು ಸುಳ್ಳು. ಟೇಲರ್ ಫ್ರೇಮ್ ಅಂತ ಒಂದಿದೆ, ಎಂಟು ಮೂಲೆಯ ತೂತುಗಳಿರೋ ಹಲಗೆ, ಅದ್ರಲ್ಲಿ ಸಣ್ಣ ಮೊಳೆ ನಿಲ್ಲಿಸ್ಬೇಕು, ಯಾವ ದಿಕ್ಕಿಗೆ ತಿರುಗಿಸಿ ನಿಲ್ಲಿಸ್ತೀವಿ ಅನ್ನೋದ್ರ ಮೇಲೆ ಅಂಕಿ ಬದಲಾಗುತ್ತೆ, ಬೆರಳಲ್ಲಿ ಮುಟ್ಟಿ ಕೂಡಿ ಕಳೀಬೋದು. ಅಬ್ಯಾಕಸ್ ಇದೆ. ಕಣ್ಣು ಕಾಣದ ಅಮೆರಿಕದ ಗಣಿತ ಪ್ರೊಫೆಸರ್ ಅಬ್ರಹಾಂ ನೆಮೆತ್ ಬೀಜಗಣಿತಕ್ಕೆಲ್ಲ ಬ್ರೈಲ್ ಗುರುತು ಮಾಡಿ ಎಷ್ಟೋ ಕಾಲ ಆಯ್ತು. ರಬ್ಬರ್ ಶೀಟ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಬಾಲ್ ಪೆನ್ನಲ್ಲಿ ಒತ್ತಿ ಗೆರೆ ಎಳೆದ್ರೆ ಗೆರೆ ಉಬ್ಬುತ್ತೆ, ತ್ರಿಕೋನ ಕೈಗೆ ಸಿಗುತ್ತೆ. ದೆಹಲಿ ಐಐಟಿಯವರು ಉಬ್ಬು ಚಿತ್ರಗಳ ಪುಸ್ತಕನೇ ಮಾಡ್ತಾರೆ.

ಈಗ ನಾನೂ ಗೆಳತಿನೂ ಭಾನುವಾರ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಜೊತೆ ಕೂರ್ತೀವಿ. ಸಾಮಾನ್ಯ ಸರ್ಕಾರಿ ಹೈಸ್ಕೂಲು, ಇಡೀ ಶಾಲೆಯಲ್ಲಿ ಕಣ್ಣು ಕಾಣದವಳು ಇವಳೊಬ್ಬಳೇ. ಲೆಕ್ಕ ಹೇಳ್ಕೊಡೋದು ಗೆಳತಿ, ರಬ್ಬರ್ ಶೀಟ್ ಮೇಲೆ ಗೆರೆ ಎಳೆಯೋದು ನಾನು. ರೇಖಾಗಣಿತ ಆಗ್ತಿದೆ, ಗ್ರಾಫ್ ಸ್ವಲ್ಪ ಕಷ್ಟ ಆಗ್ತಿದೆ, ಗುಂಡುಪಿನ್ನು ದಾರ ಕಟ್ಟಿ ಏನೋ ಪ್ರಯತ್ನ ಮಾಡ್ತಿದ್ದೀವಿ. ಅವಳಿಗೆ ಗಣಿತ ಅಂದ್ರೆ ಪ್ರಾಣ ಅಂತೇನೂ ಇಲ್ಲ, 'ಬೋರು ಅಕ್ಕಾ' ಅಂತಾಳೆ, ಎಲ್ಲಾ ಒಂಬತ್ತನೇ ಕ್ಲಾಸಿನವರ ಥರನೇ. ಕಾಮರ್ಸ್ ಓದ್ಬೇಕು ಅಂತಿದೆ. ಸಮಾಜಶಾಸ್ತ್ರ ತಗೊಳ್ಳಿ ಅಂತ ಶಾಲೆಯವರು ಎರಡು ಸಲ ಫಾರಂ ಕಳಿಸಿದ್ದಾರೆ, ಅವಳ ಅಮ್ಮ ಇನ್ನೂ ಸಹಿ ಹಾಕಿಲ್ಲ. ಫೇಲಾದ್ರೆ ಜವಾಬ್ದಾರಿ ಯಾರದು ಅಂತ ಹೆಡ್‌ಮಾಸ್ಟರ್ ಕೇಳಿದ್ರಂತೆ. 'ಪಕ್ಕದ ಬೆಂಚಿನ ಹುಡುಗಿ ಫೇಲಾದ್ರೆ ಯಾರದು ಸಾರ್?' ಅಂತ ಅಮ್ಮ ಕೇಳಿದ್ದಾರೆ. ಗಣಿತದ ಮೇಷ್ಟ್ರು ಮಾತ್ರ ಇತ್ತೀಚೆಗೆ ಬೋರ್ಡ್ ಮೇಲೆ ಬರೆಯೋದನ್ನ ಬಾಯಲ್ಲೂ ಹೇಳ್ತಾ ಬರೀತಾರಂತೆ, ಅದ್ರಿಂದ ಹಿಂದಿನ ಬೆಂಚಿನ ಹುಡುಗರಿಗೂ ಅರ್ಥ ಆಗ್ತಿದೆ ಅಂತ ಅವರೇ ಹೇಳಿದ್ರು. ಮುಂದಿನ ತಿಂಗಳು ಬಿಇಒ ಆಫೀಸಿಗೆ ಹೋಗಿ ಇವಳ ಪ್ರಶ್ನೆಪತ್ರಿಕೆಯ ಚಿತ್ರಗಳನ್ನ ಉಬ್ಬು ಗೆರೆಯಲ್ಲಿ ಕೊಡೋಕಾಗುತ್ತಾ ಅಂತ ಲಿಖಿತವಾಗಿ ಕೇಳ್ಬೇಕು ಅಂತಿದ್ದೀವಿ, ಅರ್ಜಿ ಗೆಳತಿ ಟೈಪ್ ಮಾಡಿದ್ದಾಳೆ, ಯೂನಿಕೋಡಲ್ಲಿ.